ಅತ್ತೆ ಮೆಚ್ಚಿದ ಬಣ್ಣ

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅನ್ನುತ್ತಾರೆ. ನಾನು ಯೂರಿಯಾ ಹಾಕಿ ನೋಡಿದೆ.

ಜುಗೂಳದಲ್ಲಿ, ಕೃಷ್ಣೆಯ ದಂಡೆಗೆ, ನನ್ನ ಹೊಲ ಮತ್ತು ಮೈದುನನ ಹೆಂಡತಿಯ ಹೊಲ ಅಕ್ಕಪಕ್ಕ. ನಡುವೆ ಒಂದೇ ಬದು. ಅವಳ ಕಬ್ಬು ಕಡುಹಸಿರು, ನನ್ನದು ಕಾಮಾಲೆ ಬಂದಂತೆ. ಅತ್ತೆ ದಿನಾ ಬದುವಿನ ಮೇಲೆ ನಿಂತು, ಮುಖ ಅತ್ತ ಮಾಡಿ, ಏನ್ ಬಣ್ಣ ಬಂದೈತಿ ಅನ್ನುವರು. ಆ ಒಂದು ಮಾತಿಗೆ ನಾನು ಎಷ್ಟು ವರ್ಷ ಕಾದೆನೋ. ಅವಳು ಮಣ್ಣು ಪರೀಕ್ಷೆ ಮಾಡಿಸಿ, ಅಳತೆ ನೋಡಿ ಗೊಬ್ಬರ ಹಾಕುವವಳು. ಕೇಳಿದ್ದರೆ ಹೇಳುತ್ತಿದ್ದಳು. ನಾನು ಅವಳನ್ನು ಕೇಳುವುದೇ? ಜೀವ ಹೋದರೂ ಇಲ್ಲ. ಈ ಸಲ ಮೋಡ ಕಟ್ಟಿದ್ದು ಕಂಡೂ ಎರಡು ಪಟ್ಟು ಯೂರಿಯಾ ಚೆಲ್ಲಿದೆ. ಮಳೆ ಬಂತು. ಗೊಬ್ಬರವೆಲ್ಲ ಕರಗಿ ಬಸಿಗಾಲುವೆ ಹಿಡಿದು ಹೊಳೆಗೆ ಹೋಯಿತು.

ಎರಡು ದಿನಕ್ಕೆ ಅವಳ ಮಗಳು ರಜೆಗೆ ಬಂದಳು. ಕೃಷ್ಣೆ ಸಮುದ್ರ ಸೇರುವ ಕಡೆ ಸಮುದ್ರದ ವಿಷಯವನ್ನೇ ಓದುತ್ತಾಳೆ. ಕಬ್ಬೂ ಅವಳದೇ ಚೆಂದ, ಮಗಳೂ ಅವಳದೇ ಜಾಣೆ. ನನ್ನ ಮೈ ಉರಿಯಿತು. ಹುಡುಗಿ ಕಟ್ಟೆಯ ಮೇಲೆ ಕೂತು ಹೇಳಿದಳು: ಸಮುದ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳಿವೆ, ಮೀನುಗಳ ಬದುಕೆಲ್ಲ ಅವುಗಳ ಮೇಲೆಯೇ. ಹೊಲದ ಗೊಬ್ಬರ ಹೊಳೆ ಹಿಡಿದು ಅಲ್ಲಿಗೆ ಮುಟ್ಟಿದರೆ ಅವು ಮಿತಿಮೀರಿ ಬೆಳೆದು ನೀರೆಲ್ಲ ಹಸಿರಾಗುತ್ತದೆ. ಆಮೇಲೆ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ತೀರಿ ಮೀನುಗಳು ಸಾಯುತ್ತವೆ. ನಿಜ ಹೇಳುತ್ತೇನೆ, ಮೀನಿನ ಮೇಲೆ ಮರುಕ ಹುಟ್ಟುವ ಮೊದಲು ನನಗೆ ಸಮುದ್ರದ ಮೇಲೆ ಹೊಟ್ಟೆಕಿಚ್ಚಾಯಿತು. ನನ್ನ ಗೊಬ್ಬರ ತಿಂದು ಅದು ಹಸಿರಾಯಿತಲ್ಲ!

ಹುಡುಗಿ ಎರಡೂ ಹೊಲದ ಬಸಿನೀರು ತಂದು ಎರಡು ಸೀಸೆಯಲ್ಲಿಟ್ಟು, ಕಾಲೇಜಿನಿಂದ ತಂದಿದ್ದ ನೀರು ಪರೀಕ್ಷೆಯ ಪುಡಿ ಹಾಕಿದಳು. ನೀರಿನಲ್ಲಿ ಗೊಬ್ಬರ ಇದ್ದಷ್ಟೂ ಕೆಂಪಾಗುತ್ತದಂತೆ. ಅವಳ ತಾಯಿಯದು ತೆಳು ಗುಲಾಬಿಯಾಯಿತು. ನನ್ನದು ಕುಂಕುಮ ಕದಡಿದ ಹಾಗೆ.

ಅತ್ತೆಗೆ ಕಿವಿ ಮಂದ, ಹುಡುಗಿಯ ಮಾತು ಒಂದೂ ಕೇಳಿಸಿರಲಿಲ್ಲ. ನನ್ನ ಸೀಸೆ ಎತ್ತಿ ಬಿಸಿಲಿಗೆ ಹಿಡಿದರು.

"ಏನ್ ಬಣ್ಣ ಬಂದೈತಿ! ಇದ್ಯಾರದ ಬೇ?"

ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ತಾಯಿ ಕಣ್ಣಲ್ಲೇ ತಡೆದಳು. ಅತ್ತೆಯ ಕಿವಿಗೆ ಬಾಗಿದಳು.

"ಅಕ್ಕಾರದ್ರಿ ಅತ್ತಿ. ಈ ಸಲ ಅವರದ ಛಲೋ ಬಂದೈತಿ."

ಹೇಳುವಾಗ ಅವಳು ನಗಲಿಲ್ಲ. ಅತ್ತೆ ನನ್ನ ಬೆನ್ನು ತಟ್ಟಿದರು. ಅಷ್ಟು ವರ್ಷ ಕಾದ ಮಾತು ಬಂದಿತ್ತು, ನನಗೆ ತಲೆ ಎತ್ತಲಾಗಲಿಲ್ಲ. ಅಷ್ಟರಲ್ಲೂ ಹೊಟ್ಟೆ ಉರಿಯಿತು: ಆ ದೊಡ್ಡ ಮನಸ್ಸೂ ಅವಳಿಗೇ ಇರಬೇಕೇ?