ಮೊಬೈಲಿನ ಕತ್ತೆ

೨೦೦೮ರ ಜನವರಿ ೨೪, ಗುರುವಾರ. ಆಧಾರ, ನನ್ನ ದಿನಚರಿ. ಅಂದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ, ತೊಟ್ಟು ಬಿಡಿಸುತ್ತಿದ್ದ ಹೆಂಗಸರ ನಡುವೆ ಗೆಳೆಯ ಶಿವಪ್ಪ ಮೊಬೈಲು ಹಿಡಿದು ಕತೆ ಓದಿ ಹೇಳುತ್ತಿದ್ದುದನ್ನು ಕಂಡು ನಿಂತುಬಿಟ್ಟೆ. ಹೆಂಡತಿ ತೀರಿಕೊಂಡ ಮೇಲೆ ಮೂರು ತಿಂಗಳು ಯಾರೊಡನೆಯೂ ಮಾತಾಡದೆ, ಹೊಸ್ತಿಲು ದಾಟದೆ ಕುಳಿತಿದ್ದ ಮನುಷ್ಯ ಅವನು. ಅವನ ಮನಸ್ಸು ಹಗುರಾಗಲೆಂದು ನಾನು ರಾಣೆಬೆನ್ನೂರಿನಿಂದ ಹಟಮಾರಿ ಕತ್ತೆಯೊಂದರ ಕತೆಯನ್ನು ದಿನಕ್ಕೊಂದು ಸಂದೇಶದಂತೆ ಕಳುಹಿಸುತ್ತಿದ್ದೆ.

"ಕತಿ ಬರಿಯೂ ಸಾಹೇಬ್ರು ನೀವ ಏನ್ರಿ?" ಎಂದಳು ಆ ಹೆಂಗಸರಲ್ಲೊಬ್ಬಳಾದ ಫಾತಿಮಾಬಿ, ಕೈಗೆಲಸ ನಿಲ್ಲಿಸದೆ. "ನಿಮ್ಮ ಕತ್ತೆ ಟಿಕೀಟಿಲ್ದ ರೈಲು ಹತ್ತೇತಿ. ಹುಬ್ಬಳ್ಳ್ಯಾಗ ಹಿಡೀತಾರೋ ಬಿಡ್ತಾರೋ, ಲಗೂ ಹೇಳ್ರಿ. ಈ ಕಾಕಾ ಬರೇ ನಾಳೆ ನಾಳೆ ಅಂತಾರ."

"ತಡಿಯವಾ, ಇವತ್ತಿಂದು ಇನ್ನೂ ಬಂದಿಲ್ಲ," ಎಂದ ಶಿವಪ್ಪ, ನನ್ನ ಮುಖ ನೋಡದೆ.

ಒಂದು ದಿನವೂ ತಪ್ಪಿಸದೆ ಕಳುಹಿಸಿದ್ದೇನೆಂದೇ ನನ್ನ ನೆನಪು; ಕತ್ತೆಯನ್ನು ರೈಲು ಹತ್ತಿಸಿದ್ದು ಮಾತ್ರ ನೆನಪಿಗೆ ಬರಲಿಲ್ಲ. ಮನೆಗೆ ಬಂದು, ಪ್ರತಿ ಸಂದೇಶವನ್ನೂ ದಿನಾಂಕಸಹಿತ ನಕಲು ಮಾಡಿಟ್ಟಿದ್ದ ವಹಿಯನ್ನು ತೆರೆದೆ. ಅದರ ಪ್ರಕಾರ ಕೊನೆಯ ಕಂತು ಹೋದದ್ದು ಜನವರಿ ೧೨ರಂದು. ಆಗ ಕತ್ತೆ ಇನ್ನೂ ಮೋಟೆಬೆನ್ನೂರಿನ ಹೊಲದಲ್ಲೇ ಮೇಯುತ್ತಿತ್ತು. ಅದನ್ನು ರೈಲು ಹತ್ತಿಸಿದವನು ಶಿವಪ್ಪ.