ಒಡೆಯದ ತೆಂಗಿನಕಾಯಿ

"ಡಿಗ್ರಿ ಮಾಡ್ದೆ, ಒಪ್ಕೊಂಡೆ. ಇದು ಮಾತ್ರ ನಿನ್ ಕೈಲಾಗಲ್ಲ ಕಣೇ. ಹುಟ್ಟಿದಾಗಿಂದ ಒಂದು ಗಳಿಗೆ ಬಾಯ್ಮುಚ್ಕೊಂಡು ಕೂತಿದ್ದೀಯಾ ನೀನು?"

ಹೀಗೆಂದವಳು ನಮ್ಮ ದೊಡ್ಡಮ್ಮ. ಬೌದ್ಧ ಧರ್ಮದ ಪ್ರಾಥಮಿಕ ತರಗತಿಗೆ ಸೇರುತ್ತೇನೆಂದು ನಾನು ಹೇಳಿದಾಗ ಅವಳು ಇಡ್ಲಿ ತಟ್ಟೆಗಳನ್ನು ಪಾತ್ರೆಯಿಂದ ಎತ್ತುತ್ತಿದ್ದಳು. ಮರ್ಫಿ ಟೌನಿನ ನಮ್ಮ ಮನೆಯ ಬಾಗಿಲಲ್ಲೇ ಅವಳ ಇಡ್ಲಿ ವ್ಯಾಪಾರ. ಅಮ್ಮ ತೀರಿಕೊಂಡ ಮೇಲೆ ಆ ಇಡ್ಲಿಯಿಂದಲೇ ನನ್ನನ್ನು ಸಾಕಿದಳು. ನಾನು ಹಗಲು ಶಿವಾಜಿನಗರದ ಒಂದು ಎಸ್‌ಟಿಡಿ ಬೂತಿನಲ್ಲಿ ಕೂತು, ಸಂಜೆ ಕಾಲೇಜಿಗೆ ಹೋಗಿ, ಫೇಲಾದ ಪೇಪರುಗಳನ್ನು ಮತ್ತೆ ಬರೆದು ಬಿ.ಎ. ಮುಗಿಸಿದೆ. ನಮ್ಮ ವಂಶದಲ್ಲಿ ನಾನೇ ಮೊದಲ ಪದವೀಧರೆ. ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಆ ಬಿ.ಎ.ಯಿಂದಲೇ ನನ್ನ ಮಾನ ಹೋದದ್ದೂ ಹೌದು. ಬುದ್ಧ ಪೂರ್ಣಿಮೆಯ ದಿನ ನಮ್ಮ ಓಣಿಯ ಸಂಘದವರು ಪಟಕ್ಕೆ ಹಾರ ಹಾಕಿ, ಓದಿದವಳು ಅಂತ ನನ್ನನ್ನು ಮಾತಾಡಲು ನಿಲ್ಲಿಸಿದರು. ರಾಜಕುಮಾರನಾಗಿದ್ದ, ಅರಮನೆ ಬಿಟ್ಟ, ಮರದ ಕೆಳಗೆ ಕೂತ, ಜ್ಞಾನ ಬಂತು ಎಂದೆ. ಅಷ್ಟಕ್ಕೇ ಮುಗಿಯಿತು. ಮುಂದಿನ ಸಾಲಿನಲ್ಲಿದ್ದ, ಸಂಘದ ಬೀಗದ ಕೈ ಇಟ್ಟುಕೊಳ್ಳುವ ತಾತ ಕೇಳಿದರು:

"ಆಮೇಲೆ?"

ನನಗೆ ಗೊತ್ತಿರಲಿಲ್ಲ. ಪಟ ನೋಡುತ್ತಲೇ ಬೆಳೆದಿದ್ದೆ. ಆಮೇಲೆ ಏನಾಯಿತೆಂದು ಒಂದು ದಿನವೂ ಯೋಚಿಸಿರಲಿಲ್ಲ. ತಾತ ಬಿಡಲಿಲ್ಲ, "ಕೂತೋನು ಕೂತೇ ಇದ್ನೇನಮ್ಮ ಬಿ.ಎ.?" ಎಂದರು. ಎಲ್ಲರೂ ನಕ್ಕರು.

ಪುಲಿಕೇಶಿನಗರದಲ್ಲಿ ಒಂದು ಹಳೇ ಮನೆಯ ಮಹಡಿಯ ಮೇಲೆ ಒಬ್ಬ ಭಂತೇಜಿ, ಅಂದರೆ ಬೌದ್ಧ ಭಿಕ್ಷು, ಭಾನುವಾರಗಳಂದು ಹೊಸಬರಿಗೆ ಪಾಠ ಹೇಳುತ್ತಾರೆಂದು ಬೂತಿಗೆ ಬರುವ ಗಿರಾಕಿಯೊಬ್ಬರಿಂದ ತಿಳಿಯಿತು. ಮುಂದಿನ ಬುದ್ಧ ಪೂರ್ಣಿಮೆಯವರೆಗೆ ಪಾಠ, ಕೊನೆಗೆ ಸರ್ಟಿಫಿಕೇಟು.

ಆಗಲ್ಲ ಎಂದ ದೊಡ್ಡಮ್ಮನೇ ಮೊದಲ ಭಾನುವಾರ ಬುಟ್ಟಿ ಕಟ್ಟಿಕೊಟ್ಟಳು. ಎಲೆ ಅಡಿಕೆ, ಬಾಳೆಹಣ್ಣು, ಕರ್ಪೂರ, ಒಂದು ದಪ್ಪ ತೆಂಗಿನಕಾಯಿ.

"ಬರಿಗೈಲಿ ದೇವರ ಹತ್ರ ಹೋಗ್ಬಾರ್ದು. ಒಡಿಸ್ಕೊಂಡು ಹೋಳು ತಗೊಂಬಾ, ನಾಳೆ ಚಟ್ನಿಗಾಗುತ್ತೆ."

ಬುಟ್ಟಿಯನ್ನು ಬುದ್ಧನ ಮುಂದಿಟ್ಟು ನಿಂತೆ. ಭಂತೇಜಿ ಬಂದು, ನಕ್ಕು, ಕಾಯನ್ನು ಹೂಗಳ ಪಕ್ಕ ಇಡಿಯಾಗಿಯೇ ಇಟ್ಟರು. ಒಡೆಯಲಿಲ್ಲ, ಕರ್ಪೂರ ಹಚ್ಚಲಿಲ್ಲ, ಹೆಸರು ನಕ್ಷತ್ರ ಕೇಳಲಿಲ್ಲ. ಅರ್ಚನೆ ಕೊನೆಗಿರಬೇಕೆಂದುಕೊಂಡು ಉಳಿದವರ ಜೊತೆ ಕೂತೆ. ಕಣ್ಣು ಮುಚ್ಚಿ ಉಸಿರು ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ಗಮನಿಸಿ ಎಂದರು. ನಾನು ಅರೆಗಣ್ಣಲ್ಲಿ ಕಾಯನ್ನು ಗಮನಿಸಿದೆ. ಕಾಲು ಜೋಮು ಹಿಡಿಯಿತು. ಪಾಠ ಮುಗಿದು ಎಲ್ಲರೂ ಚಪ್ಪಲಿ ಮೆಟ್ಟಿಕೊಳ್ಳತೊಡಗಿದಾಗ ತಡೆಯಲಾಗಲಿಲ್ಲ.

"ಸ್ವಾಮಿ, ನನ್ ಕಾಯಿ ಇನ್ನೂ ಒಡೆದಿಲ್ಲ."

"ಇಲ್ಲಿ ಒಡೆಯೋ ಪದ್ಧತಿ ಇಲ್ಲಮ್ಮ."

"ಹಂಗಾದ್ರೆ ವಾಪಸ್ ತಗೊಂಡು ಹೋಗ್ಲಾ?"

ಅವರು ಜೋರಾಗಿಯೇ ನಕ್ಕರು. "ತಗೊಂಡು ಹೋಗಿ, ಪರವಾಗಿಲ್ಲ. ಆದ್ರೆ ನಮ್ಮಲ್ಲಿ ಮೊದಲನೇ ಪಾಠ ದಾನ. ಕೊಟ್ಟ ಮೇಲೆ ಅದನ್ನ ನೋಡ್ತಾ ಕೂರಬಾರದು. ನೀವು ಇಡೀ ಹೊತ್ತು ಅದನ್ನೇ ನೋಡ್ತಿದ್ರಿ."

ಕಾಯಿ ಬಿಟ್ಟು ಬಂದೆ. ಮನೆಯಲ್ಲಿ ದೊಡ್ಡಮ್ಮ ಬುಟ್ಟಿಯನ್ನು ತಲೆಕೆಳಗು ಮಾಡಿ ನೋಡಿದಳು. "ಒಂದು ಹೋಳೂ ಕೊಡ್ಲಿಲ್ವಾ? ಇದ್ಯಾವ ಸೀಮೆ ದೇವಸ್ಥಾನಾನೇ!" ಮರುದಿನ ಇಡ್ಲಿಗೆ ಕಡಲೆ ಚಟ್ನಿ ಮಾಡಿ, ಕಾರಣವನ್ನು ಗಿರಾಕಿಗಳಿಗೆಲ್ಲ ವಿವರಿಸಿದಳು.

ಎರಡನೇ ವಾರವೇ ತಾತನ ಪ್ರಶ್ನೆ ಕೇಳಿದೆ. "ಆಮೇಲೆ ಎದ್ದು ನಡೆದರು," ಎಂದರು ಭಂತೇಜಿ. "ಸಾಯುವ ತನಕ ಊರೂರು ತಿರುಗಿ, ತಿಳಿದದ್ದನ್ನ ಕೇಳಿದವರಿಗೆಲ್ಲ ಹೇಳಿದರು. ಪಟದಲ್ಲಿ ಕೂತಿರ್ತಾರೆ ಅಷ್ಟೇ." ನಲ್ಲಿಯ ಹತ್ತಿರ ತಾತ ಸಿಕ್ಕಾಗ ಹೇಳಿದೆ. "ಇಷ್ಟು ದಿನ ಬೇಕಾಯ್ತಾ ಇದಕ್ಕೆ?" ಎಂದರು. ಆದರೂ ಅವರ ಮುಖ ಅರಳಿತು.

ದುಃಖ, ಅದರ ಕಾರಣ, ಅದರ ಕೊನೆ, ಕೊನೆಗೊಳಿಸುವ ದಾರಿ. ಬುದ್ಧ ಹೇಳಿದ ಈ ನಾಲ್ಕು ಸತ್ಯಗಳು ಬಿ.ಎ. ಪಾಠಕ್ಕಿಂತ ಸುಲಭವಾಗಿ ಬಾಯಿಗೆ ಬಂದವು. ತೊಡಕಾದದ್ದು ಐದು ಶೀಲಗಳಲ್ಲಿ ಮೊದಲನೆಯದು, ಜೀವ ಕೊಲ್ಲದಿರುವುದು. ಕೊನೆಯ ದಿನ ಎಲ್ಲರೂ ಅದನ್ನು ಬಾಯಿಬಿಟ್ಟು ಸ್ವೀಕರಿಸಬೇಕಿತ್ತು. ಅದಕ್ಕೆ ಮೊದಲು ನಮ್ಮ ಮಾರಮ್ಮನ ಹಬ್ಬವಿತ್ತು. ಹಬ್ಬಕ್ಕೆ ನಮ್ಮ ಮನೆಯಿಂದ ಅಕ್ಕಿ ಹಿಟ್ಟು, ಬೆಲ್ಲದ ತಂಬಿಟ್ಟಿನ ದೀಪ ಹೋಗುತ್ತದೆ, ಜೊತೆಗೆ ಬಲಿಗೊಂದು ಕೋಳಿ. ಈ ಸಲ ಕೋಳಿ ಬೇಡ ಎಂದೆ.

ದೊಡ್ಡಮ್ಮ ಸೌಟು ಕೆಳಗಿಟ್ಟಳು. "ನೀನು ಪಾಸಾಗ್ಲಿ ಅಂತ ಮಾರಮ್ಮನಿಗೆ ಹರಕೆ ಹೊತ್ತೋಳು ನಾನು. ನಿನ್ ಡಿಗ್ರಿ ಅವಳು ಕೊಟ್ಟಿದ್ದು. ಅವಳನ್ನ ಬಿಡೋದಾದ್ರೆ ಈ ಹೊಸಿಲೂ ಬಿಡು."

ಆ ವಾರ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಊಟದ ತಟ್ಟೆಯನ್ನು ಮಾತ್ರ ನೆಲದ ಮೇಲೆ ನನ್ನ ಕಡೆಗೆ ತಳ್ಳುತ್ತಿದ್ದಳು. ಆ ಮನೆ ಬಿಟ್ಟರೆ ನನಗೆ ಬೇರೆ ಮನೆಯಿರಲಿಲ್ಲ. ತರಗತಿ ಬಿಟ್ಟುಬಿಡೋಣ ಎಂದುಕೊಂಡೇ ಭಾನುವಾರ ಮಹಡಿ ಹತ್ತಿದೆ. ಎಲ್ಲವನ್ನೂ ಕೇಳಿ ಭಂತೇಜಿ ಎಂದರು: "ಶೀಲ ತಗೊಳ್ಳೋದು ನೀವು. ನಿಮ್ಮ ದೊಡ್ಡಮ್ಮನಿಗೆ ಯಾಕೆ ತಗೊಳ್ಳೋಕೆ ಹೇಳ್ತಿದ್ದೀರಿ?"

ವಾಪಸ್ ಬಂದು ಅವಳೆದುರು ಕೂತೆ. "ದೊಡ್ಡಮ್ಮ, ತಂಬಿಟ್ಟು ನಾನೇ ಮಾಡ್ತೀನಿ. ದೀಪ ನಾನೇ ಹೊರ್ತೀನಿ. ಕೋಳಿ ಮಾತ್ರ ನಾನು ಹಿಡಿಯಲ್ಲ, ತಿನ್ನಲ್ಲ. ನೀನು ಮಾಡೋದನ್ನ ಬೇಡ ಅನ್ನಲ್ಲ."

"ನೀನು ಹಿಡಿದಿದ್ದು ಯಾವತ್ತೇ? ಕೋಳಿ ರೆಕ್ಕೆ ಬಡಿದ್ರೆ ಬೀದಿ ತನಕ ಓಡೋಳು!"

ಹಬ್ಬದಂದು ದೀಪ ಹೊತ್ತು ನಡೆದೆ. ಮಧ್ಯಾಹ್ನ ಎಲ್ಲರಿಗೂ ಕೋಳಿ ಸಾರು. ನನ್ನ ತಟ್ಟೆಗೆ ಅವಳು ಬೇರೆ ಪಾತ್ರೆಯಿಂದ ಬೇಳೆ ಸಾರು ಬಡಿಸಿದಳು. ನಾನು ಕೇಳಿರಲಿಲ್ಲ.

ಪೂರ್ಣಿಮೆಯಂದು ಇಡ್ಲಿ ಬೇಗ ಮುಗಿಸಿ, ರೇಷ್ಮೆ ಸೀರೆಯುಟ್ಟು ಹೊರಟು ನಿಂತಿದ್ದಳು. ಕೈಯಲ್ಲಿ ಅದೇ ಬುಟ್ಟಿ, ಒಳಗೊಂದು ಕಾಯಿ. ಮಹಡಿ ಹತ್ತಿ ಅದನ್ನು ಬುದ್ಧನ ಮುಂದಿಟ್ಟು, ಒಂದು ಸಲ ತಿರುಗಿ ನೋಡಿ, ಗೋಡೆಗೊರಗಿ ಕೂತಳು. ನಾವೆಲ್ಲ ಶೀಲಗಳನ್ನು ಹೇಳುತ್ತಿದ್ದಾಗ ಅವಳು ಬಾಯಿ ತೆರೆಯಲಿಲ್ಲ.

ನನ್ನ ಹೆಸರು ಕೂಗಿದರು. ಭಂತೇಜಿ ಎರಡೂ ಕೈಯಲ್ಲಿ ಕೊಟ್ಟ ಸರ್ಟಿಫಿಕೇಟನ್ನು ತಂದು ದೊಡ್ಡಮ್ಮನಿಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದನ್ನ ಅವ್ರು ವಾಪಸ್ ಕೇಳಲ್ಲ ತಾನೇ?"

"ಇಲ್ಲ ದೊಡ್ಡಮ್ಮ."

"ಹಂಗಾದ್ರೆ ಕಾಯೂ ಅಲ್ಲೇ ಇರ್ಲಿ ಬಿಡು."