ಮೈಕ್ ಮೇಡಂ ಮಾತು ಬಿಟ್ಟ ಸೆಮಿಸ್ಟರ್

ನಮ್ಮ ಅತ್ತಿಗೆಗೆ ವಿಶ್ವವಿದ್ಯಾಲಯದ ಹುಡುಗರು ಇಟ್ಟ ಹೆಸರು ಮೈಕ್ ಮೇಡಂ. ಗಣಿತದ ಕ್ಲಾಸಿನಲ್ಲಿ ಅವರು ಬಾಯಿ ತೆರೆದರೆ, ಗೋಡೆಯಾಚೆ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ನನಗೂ ಸಮೀಕರಣಗಳು ಬಾಯಿಪಾಠವಾಗುತ್ತಿದ್ದವು. ಹುಡುಗರಿಗೆ ಮಾತ್ರ ಆಗುತ್ತಿರಲಿಲ್ಲ. ಅತ್ತಿಗೆ ತಾವೇ ಪ್ರಶ್ನೆ ಕೇಳಿ, ತಾವೇ ಉತ್ತರ ಹೇಳಿ, "ಅರ್ಥ ಆಯ್ತಲ್ವಾ?" ಎನ್ನುವರು. "ಆಯ್ತು ಮೇಡಂ" ಎಂದು ಇಡೀ ಕ್ಲಾಸು ರಾಗ ಎಳೆಯುವುದು. ಪರೀಕ್ಷೆ ಬಂದಾಗ ಬೋರ್ಗಲ್ಲ ಮೇಲೆ ಮಳೆ ಸುರಿದ ಕಥೆ.

"ನಿಮ್ಮ ಶಿಷ್ಯರು ಕಣ್ಣು ಬಿಟ್ಕೊಂಡೇ ನಿದ್ದೆ ಹೊಡೀತಾರೆ ಅತ್ತಿಗೆ" ಎಂದು ಕೆಣಕಿದರೆ ಅವರಿಗೆ ಮೂಗಿನ ತುದಿಯಲ್ಲೇ ಕೋಪ.

"ಇನ್ನೂ ಬಿಡಿಸಿ ಹೇಳ್ಬೇಕು, ಅಷ್ಟೆ!" ಎನ್ನುವರು. ಮಾರನೆಯ ದಿನ ದನಿ ಇನ್ನಷ್ಟು ಏರುತ್ತಿತ್ತು.

ಕೊನೆಗೆ ಗಂಟಲು ಕೈಕೊಟ್ಟಿತು. ಸೆಮಿಸ್ಟರಿನ ಶುರುವಿನಲ್ಲೇ ಸಣ್ಣ ಆಪರೇಷನ್ ಆಯಿತು. "ನಾನು ಹೇಳೋವರೆಗೂ ಒಂದು ಮಾತೂ ಆಡ್ಬೇಡಿ. ಪಿಸುಗುಟ್ಟೋದೂ ಬೇಡ. ಆಮೇಲೆ ದನಿ ಬರ್ಲಿಲ್ಲ ಅಂತ ನನ್ನನ್ನ ಬೈಬೇಡಿ" ಎಂದರು ಡಾಕ್ಟರು.

ವಿಭಾಗದ ಮುಖ್ಯಸ್ಥರು ತಲೆ ಕೆರೆದುಕೊಂಡರು. "ಮಾತಿಲ್ದೆ ಪಾಠ ಹೇಗೆ ಮೇಡಂ? ಒಂದು ವಾರ ನೋಡೋಣ. ಆಗ್ಲಿಲ್ಲ ಅಂದ್ರೆ ಕ್ಲಾಸು ಬೇರೆಯವರಿಗೆ ಕೊಡ್ಬೇಕಾಗುತ್ತೆ."

ರಜೆಯ ದಿನ ಪಾಠವಿಲ್ಲವೆಂದು ಮಂಕಾಗುವ ಹೆಂಗಸು ಅವರು. ಕ್ಲಾಸು ಹೋದರೆ ಇವಳನ್ನು ಹೇಗೆ ಸಂಭಾಳಿಸುವುದೆಂದು ಅಣ್ಣ ಅಂದು ತಿಂಡಿಯನ್ನೇ ಮುಟ್ಟಲಿಲ್ಲ. ನಾನು ರಜೆ ಹಾಕಿ ಅತ್ತಿಗೆಯ ಬೆನ್ನಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ.

ಅತ್ತಿಗೆ ಹಲಗೆಯ ಮೇಲೆ ಲೆಕ್ಕ ಬರೆಯತೊಡಗಿದರು. ಎಡಗಡೆಯದನ್ನು ಬಲಕ್ಕೆ ತರುವಾಗ ಒಂದು ಮೈನಸ್ ಬಿಟ್ಟುಹೋಯಿತು; ಕೆಳಗಿನ ಸಾಲುಗಳೆಲ್ಲ ದಾರಿ ತಪ್ಪಿದವು.

ಕಿಟಕಿಯ ಪಕ್ಕ, ಕೊರಳಿಗೆ ಹೆಡ್‌ಫೋನ್ ತಗುಲಿಸಿಕೊಂಡಿದ್ದ ಹುಡುಗಿ ಮೆಲ್ಲಗೆ ಹೇಳಿದಳು: "ಮೇಡಂ... ಅಲ್ಲಿ ಮೈನಸ್ ಬಿಟ್ಟೋಗಿದೆ."

ಅತ್ತಿಗೆ ಬಾಯಿ ತೆರೆದರು, ಮುಚ್ಚಿದರು. ಬೇರೆ ದಾರಿ ಕಾಣದೆ ಸೀಮೆಸುಣ್ಣ ಮುಂದೆ ಚಾಚಿದರು.

ಹುಡುಗಿ ಎದ್ದು ಬಂದು ತಿದ್ದಿದಳು. "ಹಾಗಾದ್ರೆ ಕೆಳಗಿಂದೂ ತಪ್ಪೇ ಕಣೇ!" ಎಂದ ಒಬ್ಬ. "ಎಲ್ಲಿ ತಪ್ಪು? ತೋರ್ಸೋ ನೋಡೋಣ!" ಎಂದು ಇನ್ನೊಬ್ಬಳು ಎದ್ದಳು. ನೋಡನೋಡುತ್ತ ಅರ್ಧ ಕ್ಲಾಸು ಹಲಗೆಯ ಮುಂದಿತ್ತು. ಉಳಿದವರು ಕೂತಲ್ಲಿಂದಲೇ ಕೂಗುತ್ತಿದ್ದರು. ಅತ್ತಿಗೆ ಬಂದು ನನ್ನ ಪಕ್ಕ ಕೂತರು. ನಾವಿಬ್ಬರೂ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದೆವು. ಇಷ್ಟು ವರ್ಷ ಇವರೆಲ್ಲ ಈ ಬುದ್ಧಿಯನ್ನು ಎಲ್ಲಿ ಬಚ್ಚಿಟ್ಟಿದ್ದರು?

ಆಮೇಲೆ ಅತ್ತಿಗೆ ಬೇಕೆಂದೇ ಲೆಕ್ಕವನ್ನು ಅರ್ಧಕ್ಕೆ ಬಿಡತೊಡಗಿದರು. ಯಾರಾದರೂ "ಸರೀನಾ ಮೇಡಂ?" ಎಂದರೆ ಹೌದೂ ಇಲ್ಲ, ಅಲ್ಲವೂ ಇಲ್ಲ; ಸುಮ್ಮನೆ ಉಳಿದವರ ಕಡೆ ಮುಖ ತಿರುಗಿಸುವರು. ಅಷ್ಟು ಸಾಕಿತ್ತು. ಹಾಜರಿಗಾಗಿ ಬರುತ್ತಿದ್ದವರು ಈಗ ಅತ್ತಿಗೆಗಿಂತ ಮೊದಲೇ ಬಂದು ಹಲಗೆ ಒರೆಸಿಡುತ್ತಿದ್ದರು. ಗ್ರಂಥಾಲಯದಲ್ಲಿ ಗಣಿತದ ಪುಸ್ತಕಕ್ಕೆ ಜಗಳವಾದದ್ದನ್ನು ನಾನು ಮೊದಲ ಬಾರಿ ಬಿಡಿಸಿದೆ.

ವಾರದ ಕೊನೆಗೆ ಮುಖ್ಯಸ್ಥರು ಗಂಭೀರವಾಗಿ ಬಂದು ಹಿಂದೆ ಕೂತರು. ಸ್ವಲ್ಪ ಹೊತ್ತಿಗೆ ತಡೆಯಲಾರದೆ, "ಇದಕ್ಕೆ ಇನ್ನೊಂದು ದಾರಿ ಇದೆ ಕಣ್ರಯ್ಯ!" ಎನ್ನುತ್ತ ಎದ್ದೇ ಬಿಟ್ಟರು. ಹೋಗುವಾಗ ಕೋಟಿನ ತೋಳೆಲ್ಲ ಸುಣ್ಣ. ಕ್ಲಾಸನ್ನು ಬೇರೆಯವರಿಗೆ ಕೊಡುವ ಮಾತು ಅಲ್ಲಿಗೇ ನಿಂತಿತು.

ಡಾಕ್ಟರು ಮಾತಾಡಲು ಬಿಟ್ಟಾಗ ಸೆಮಿಸ್ಟರು ಮುಗಿಯುತ್ತ ಬಂದಿತ್ತು. ಅಂದು ಅತ್ತಿಗೆಯ ಮುಖ ನೋಡಬೇಕಿತ್ತು! ಅಷ್ಟು ದಿನ ನುಂಗಿಕೊಂಡ ಮಾತೆಲ್ಲ ತುಟಿಗೆ ಬಂದು ನಿಂತಿತ್ತು. ಆ ದನಿ ಕೇಳಬೇಕೆಂದು ನಾನೂ ಹೋಗಿ ಅದೇ ಕೊನೆಯ ಬೆಂಚಿನಲ್ಲಿ ಕೂತೆ. ಹಲಗೆಯ ಮುಂದೆ ಅದೇ ಹೆಡ್‌ಫೋನಿನ ಹುಡುಗಿ, ಒಂದು ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದಳು.

"ಅದು ಹೇಗೆ ಅಂದ್ರೆ..." ಎಂದರು ಅತ್ತಿಗೆ. ದನಿ ಗಂಟೆಯ ಹಾಗೆ ಬಂತು. ಕ್ಲಾಸೆಲ್ಲ ಬೆಚ್ಚಿ ತಿರುಗಿತು.

ಹುಡುಗಿ ಮಾತ್ರ ತಿರುಗಲಿಲ್ಲ. ಹಲಗೆಯಿಂದ ಕಣ್ಣು ಕೀಳದೆ ಕೈ ಅಡ್ಡ ಚಾಚಿದಳು. "ಅಯ್ಯೋ ಮೇಡಂ, ಹೇಳ್ಬೇಡಿ ಹೇಳ್ಬೇಡಿ! ಒಂದ್ನಿಮಿಷ."

ಅತ್ತಿಗೆ ತಮ್ಮ ಬಾಯಿಗೆ ತಾವೇ ಕೈ ಅಡ್ಡ ಹಿಡಿದರು. ಕಣ್ಣು ತುಂಬಿ ಬಂದಿತ್ತು. ಹಾಗೇ ನಡೆದು ಬಂದು ನನ್ನ ಪಕ್ಕ ಕೂತು, ಕಾದರು.